ತುಳಸಿಕಟ್ಟೆ ಮತ್ತು ಕೋಬಾಲ್ಟ್ ಕೋಣೆ

ಹೂಡೆಯ ನಮ್ಮ ಮನೆಗೆ ಪಡುದಿಕ್ಕಿನಲ್ಲಿ ಸಮುದ್ರ, ಮೂಡುದಿಕ್ಕಿನಲ್ಲಿ ಸ್ವರ್ಣಾ ನದಿ. ನಡುವೆ ತೆಂಗಿನ ಮರಗಳು ನಿಂತ ಹೊಯಿಗೆಯ ಒಂದು ಪಟ್ಟಿ. ಆ ಪಟ್ಟಿಯ ಮೇಲೆ ಮಂಗಳೂರು ಹೆಂಚಿನ ಮನೆ, ಮನೆಯೆದುರು ತುಳಸಿಕಟ್ಟೆ. ಅಮ್ಮ ಬೆಳಿಗ್ಗೆ ಮಿಂದು ಬಂದು ತುಳಸಿಗೆ ಒಂದು ಚೊಂಬು ನೀರು ಹೊಯ್ದು, ಎರಡು ಎಲೆ ಕಿತ್ತು ನನ್ನ ಬಾಯಿಗೆ ಹಾಕಿದ ಮೇಲೆಯೇ ನನಗೆ ಚಹಾ. ಆ ಎಲೆಗಳ ಖಾರ ಮತ್ತು ಘಮ ಇಂದಿಗೂ ನನಗೆ ಬೆಳಗಿನ ಹೊತ್ತಿನ ರುಚಿ. ಮುಂದೊಂದು ದಿನ ಅದೇ ಎಲೆಯ ಹೆಸರನ್ನು ಇಂಗ್ಲಿಷ್ ಸಂಶೋಧನಾ ಪತ್ರಿಕೆಗಳಲ್ಲಿ ಹುಡುಕುತ್ತೇನೆ, ಅದಕ್ಕಾಗಿಯೇ ಮನೆಯವರ ಮುಂದೆ ತಲೆ ತಗ್ಗಿಸುತ್ತೇನೆ ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನಾನು ಓದಿದ್ದು ವಿಕಿರಣ ಜೀವಶಾಸ್ತ್ರ. ಹೀಗೆ ಹೇಳಿದರೆ ಊರಿನಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. “ಕ್ಯಾನ್ಸರಿಗೆ ಕರೆಂಟು ಕೊಡ್ತಾರಲ್ಲ, ಅದು ಮೈಯೊಳಗೆ ಎಂತ ಮಾಡ್ತದೆ ಅಂತ ನೋಡುವ ಕೆಲಸ” ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ಕಡೆ ವಿಕಿರಣ ಚಿಕಿತ್ಸೆಗೆ ಜನ ಇಟ್ಟ ಹೆಸರು ಕರೆಂಟು. ಅದರಲ್ಲಿ ಕರೆಂಟು ಇಲ್ಲ ಎಂದು ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ. ಮೈ ಸುಡುವ, ಕಣ್ಣಿಗೆ ಕಾಣದ ವಸ್ತುವಿಗೆ ಅದಕ್ಕಿಂತ ಸರಿಯಾದ ಹೆಸರು ನನಗೂ ಹೊಳೆದಿಲ್ಲ.

ನನ್ನನ್ನು ಓದಿಸಿದ್ದು ಮಾವ, ಅಮ್ಮನ ಅಣ್ಣ. ಅಳಿಯಕಟ್ಟಿನ ನಮ್ಮ ಮನೆಯಲ್ಲಿ ಅವರೇ ಯಜಮಾನರು. ಹುಡುಗನಾಗಿದ್ದಾಗ ಹೂಡೆಯ ಕಡಲತೀರದಲ್ಲಿ ರಂಪಣಿ ಎಳೆದವರು, ಆಮೇಲೆ ಮಲ್ಪೆಯ ಬೋಟುಗಳಲ್ಲಿ ದುಡಿದವರು. ಮೀನಿನ ಪಾಲಿನ ಹಣದಲ್ಲಿ ಮೊದಲು ನನ್ನ ಫೀಸು ತೆಗೆದಿಟ್ಟು ಉಳಿದದ್ದರಲ್ಲಿ ಮನೆ ನಡೆಸಿದವರು. ಉಡುಪಿಯ ಎಂ.ಜಿ.ಎಂ. ಕಾಲೇಜು, ಆಮೇಲೆ ಕೊಣಾಜೆಯ ಮಂಗಳಗಂಗೋತ್ರಿ ಮುಗಿಸಿ 1996ರಲ್ಲಿ ಮಣಿಪಾಲಕ್ಕೆ ಸಂಶೋಧನೆಗೆಂದು ಹೊರಟಾಗ ಅವರು ಕೇಳಿದ್ದು ಒಂದೇ: “ಇದರಿಂದ ಯಾರಿಗಾದರೂ ಗುಣ ಆಗ್ತದಾ ಮಗಾ?” ಆಗ್ತದೆ ಮಾವ ಎಂದೆ. ಇಪ್ಪತ್ತನಾಲ್ಕರ ಹರೆಯದಲ್ಲಿ ಹಾಗೆ ಹೇಳುವುದು ಸುಲಭ.

*

ಬೆಳಿಗ್ಗೆ ಹೂಡೆಯಿಂದ ಬಸ್ಸು ಹತ್ತಿದರೆ ಕೆಮ್ಮಣ್ಣು, ನೇಜಾರು, ಸಂತೆಕಟ್ಟೆ, ಉಡುಪಿ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮಣಿಪಾಲದ ಗುಡ್ಡ ಏರಬೇಕು. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಕಟ್ಟಿದ ಆ ಗುಡ್ಡದ ಮೇಲೆ ವಿಕಿರಣ ಜೀವಶಾಸ್ತ್ರಕ್ಕೆಂದೇ ಒಂದು ವಿಭಾಗವಿತ್ತು. ಡಾ. ಪಿ. ಉಮಾದೇವಿ, ಡಾ. ಗಣೇಶ್ ಚಂದ್ರ ಜಗೇಟಿಯಾ ಮೊದಲಾದವರು ಅಲ್ಲಿಂದ ಬರೆದ ಪ್ರಬಂಧಗಳನ್ನು ಈ ವಿಷಯ ಓದುವವರು ಇಂದಿಗೂ ಉಲ್ಲೇಖಿಸುತ್ತಾರೆ. ಅಲ್ಲಿ ನಡೆಯುತ್ತಿದ್ದ ಕೆಲಸವನ್ನು ಸರಳವಾಗಿ ಎರಡು ಪ್ರಶ್ನೆಗಳಾಗಿ ಹೇಳಬಹುದು. ವಿಕಿರಣದಿಂದ ಒಳ್ಳೆಯ ಜೀವಕೋಶಗಳನ್ನು ಕಾಪಾಡುವುದು ಹೇಗೆ? ಕ್ಯಾನ್ಸರಿನ ಕೋಶಗಳನ್ನು ಅದೇ ವಿಕಿರಣಕ್ಕೆ ಇನ್ನಷ್ಟು ಸುಲಭವಾಗಿ ಸಾಯುವಂತೆ ಮಾಡುವುದು ಹೇಗೆ?

ಈ ಪ್ರಶ್ನೆಗಳು ಏಕೆ ಕಷ್ಟದವು ಎಂದು ಸ್ವಲ್ಪ ವಿವರಿಸಬೇಕು. ಗಾಮಾ ಕಿರಣ ಮೈಯೊಳಗೆ ಹೊಕ್ಕಾಗ ಅದಕ್ಕೆ ಎದುರಾಗುವುದು ಹೆಚ್ಚಾಗಿ ನೀರು, ಏಕೆಂದರೆ ಜೀವಕೋಶದ ಬಹುಪಾಲು ನೀರೇ. ಕಿರಣ ಆ ನೀರಿನ ಕಣಗಳನ್ನು ಒಡೆಯುತ್ತದೆ. ಒಡೆದ ಚೂರುಗಳು ಕ್ಷಣಮಾತ್ರ ಬದುಕುತ್ತವೆ, ಆದರೆ ಅಷ್ಟರೊಳಗೆ ಪಕ್ಕದ ಡಿಎನ್‌ಎಗೆ ಡಿಕ್ಕಿ ಹೊಡೆದು ಅದನ್ನು ಕತ್ತರಿಸುತ್ತವೆ. ಡಿಎನ್‌ಎಯ ಎರಡೂ ಎಳೆಗಳು ಒಂದೇ ಕಡೆ ತುಂಡಾದ ಕೋಶ ಮುಂದೆ ವಿಭಜನೆಯಾಗಲು ಹೊರಟಾಗ ಹೆಚ್ಚಾಗಿ ಸಾಯುತ್ತದೆ. ವೇಗವಾಗಿ ವಿಭಜಿಸುವ ಕೋಶಗಳಿಗೆ ಪೆಟ್ಟು ಹೆಚ್ಚು ಎಂದು ಫ್ರಾನ್ಸಿನ ಬೆರ್ಗೋನಿಯೆ ಮತ್ತು ತ್ರಿಬೊಂದೋ ಎಂಬಿಬ್ಬರು 1906ರಲ್ಲೇ ಹೇಳಿದ್ದರು. ಕ್ಯಾನ್ಸರಿನ ಕೋಶ ವೇಗವಾಗಿ ವಿಭಜಿಸುತ್ತದೆ, ಆದ್ದರಿಂದ ಈ ಚಿಕಿತ್ಸೆ ಸಾಧ್ಯವಾಯಿತು. ಆದರೆ ಬಾಯಿಯ ಒಳಪದರ, ಕರುಳಿನ ಪದರ, ಎಲುಬಿನ ಮಜ್ಜೆ, ಕೂದಲಿನ ಬುಡ ಇವೂ ವೇಗವಾಗಿಯೇ ವಿಭಜಿಸುತ್ತವೆ. ಕಿರಣಕ್ಕೆ ಕಳ್ಳ ಯಾರು, ಮನೆಯವ ಯಾರು ಎಂದು ಗೊತ್ತಾಗುವುದಿಲ್ಲ.

ಈ ಕಾರಣಕ್ಕೇ ರಕ್ಷಕ ವಸ್ತುಗಳಿಗಾಗಿ ದೊಡ್ಡ ಹುಡುಕಾಟ ನಡೆದದ್ದು. ಎರಡನೆಯ ಮಹಾಯುದ್ಧದ ನಂತರ, ಅಣುಬಾಂಬಿನ ಭಯದ ಕಾಲದಲ್ಲಿ, ಅಮೆರಿಕದ ಸೈನ್ಯದ ವಾಲ್ಟರ್ ರೀಡ್ ಸಂಸ್ಥೆ ನಾಲ್ಕು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳನ್ನು ಪರೀಕ್ಷಿಸಿತು. ಅದರಲ್ಲಿ ಗೆದ್ದು ಬಂದದ್ದು ಅಮಿಫಾಸ್ಟಿನ್. ಕೆಲಸ ಮಾಡುತ್ತದೆ, ಆದರೆ ಅದನ್ನು ಚುಚ್ಚಿಸಿಕೊಂಡವರಿಗೆ ವಾಂತಿ, ರಕ್ತದೊತ್ತಡದ ಕುಸಿತ. ಹಾಗಾದರೆ ಮೈಗೆ ಒಗ್ಗುವ, ಅಗ್ಗದ, ನಮ್ಮ ಸುತ್ತಲೇ ಇರುವ ಯಾವುದಾದರೂ ಗಿಡದಲ್ಲಿ ಅಂಥ ಗುಣ ಇರಬಹುದೇ ಎಂದು ಹುಡುಕುವುದು ಸಹಜವಾಗಿತ್ತು.

ಹುಡುಕಾಟ ಹಿತ್ತಲಿಗೆ ಬಂತು. ತುಳಸಿ ಎಲೆಯ ಸಾರ ವಿಕಿರಣದಿಂದ ಇಲಿಗಳನ್ನು ಕಾಪಾಡುತ್ತದೆ ಎಂದು ಉಮಾದೇವಿ ಮತ್ತು ಗಣಸೌಂದರಿ ಅವರ ಪ್ರಬಂಧ 1995ರಲ್ಲಿ ಪ್ರಕಟವಾಗಿತ್ತು. ಅದೇ ತುಳಸಿಯನ್ನು ಅಮಿಫಾಸ್ಟಿನ್ ಜೊತೆ ಕೊಟ್ಟರೆ ಆ ಔಷಧದ ವಿಷಗುಣ ಕಡಿಮೆಯಾಗುತ್ತದೆ ಎಂದು 1998ರ ಪ್ರಬಂಧ. ಅಶ್ವಗಂಧವಂತೂ ಬೇರೆಯೇ ದಾರಿ ಹಿಡಿದಿತ್ತು, ಅದು ಇಲಿಗಳ ಗಡ್ಡೆಯನ್ನು ವಿಕಿರಣಕ್ಕೆ ಹೆಚ್ಚು ಬಗ್ಗುವಂತೆ ಮಾಡುತ್ತಿತ್ತು. ಮುಂದಿನ ವರ್ಷಗಳಲ್ಲಿ ಜಗೇಟಿಯಾ ಮತ್ತು ಅವರ ಜೊತೆಗಾರರು ಶುಂಠಿ, ಬಿಲ್ವ, ನೇರಳೆ, ಪುದೀನ, ಮಾವಿನಲ್ಲಿರುವ ಮ್ಯಾಂಜಿಫೆರಿನ್ ಇವನ್ನೆಲ್ಲ ಪರೀಕ್ಷೆಗೆ ಒಡ್ಡಿದರು. ಈ ಪಟ್ಟಿಯನ್ನು ಅಮ್ಮನಿಗೆ ಓದಿ ಹೇಳಿದೆ. “ಇದಕ್ಕೆ ನೀನು ಮಣಿಪಾಲಕ್ಕೆ ಯಾಕೆ ಹೋಗಬೇಕಿತ್ತು? ತೋಟದಲ್ಲೇ ಉಂಟಲ್ಲ” ಅಂದರು.

*

ನನ್ನ ಪಾಲಿನ ಕೆಲಸ ಚಿಕ್ಕದು. ಸೂಕ್ಷ್ಮದರ್ಶಕದ ಕೆಳಗೆ ಕೋಶಗಳನ್ನು ಎಣಿಸುವುದು. ವಿಕಿರಣದ ಪೆಟ್ಟು ತಿಂದ ಕೋಶ ವಿಭಜಿಸುವಾಗ ಅದರ ವರ್ಣತಂತುವಿನ ಒಂದು ಚೂರು ಹೊರಗುಳಿದು, ದೊಡ್ಡ ಕೋಶಕೇಂದ್ರದ ಪಕ್ಕದಲ್ಲಿ ಚುಕ್ಕಿಯ ಹಾಗೆ ಕಾಣುತ್ತದೆ. ಒಂದೊಂದು ಗಾಜಿನ ಪಟ್ಟಿಯಲ್ಲಿ ಸಾವಿರ ಕೋಶ ಎಣಿಸಿ ಎಷ್ಟರಲ್ಲಿ ಈ ಚುಕ್ಕಿ ಇದೆ ಎಂದು ಬರೆದಿಡಬೇಕು. ಯಾವ ಪಟ್ಟಿ ಔಷಧ ಕೊಟ್ಟ ಇಲಿಯದು, ಯಾವುದು ಕೊಡದ ಇಲಿಯದು ಎಂದು ಎಣಿಸುವವರಿಗೆ ತಿಳಿದಿರಬಾರದು. ತಿಳಿದರೆ ಕಣ್ಣು ಬೇಕಾದ್ದನ್ನೇ ನೋಡುತ್ತದೆ. ವಿಜ್ಞಾನದ ದೊಡ್ಡ ಪಾಠ ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಸಂಖ್ಯೆ ಮಾತ್ರ ಬರೆದ ಆ ಗಾಜಿನ ಪಟ್ಟಿಗಳಲ್ಲಿ: ನಿನಗೆ ಏನು ಆಸೆ ಎಂಬುದನ್ನು ನಿನ್ನಿಂದಲೇ ಮುಚ್ಚಿಡು.

ಇಲಿಗಳಿಗೆ ವಿಕಿರಣ ಕೊಡುತ್ತಿದ್ದದ್ದು ರೋಗಿಗಳಿಗೆ ಕೊಡುವ ಕೋಬಾಲ್ಟ್-60 ಯಂತ್ರದಲ್ಲೇ. ದಿನದ ರೋಗಿಗಳೆಲ್ಲ ಮುಗಿದ ಮೇಲೆ ನಾವು ಬಿಳಿ ಇಲಿಗಳ ಪೆಟ್ಟಿಗೆ ಹಿಡಿದು ದಪ್ಪ ಕಾಂಕ್ರೀಟು ಗೋಡೆಗಳ ಆ ಕೋಣೆಗೆ ಹೋಗುತ್ತಿದ್ದೆವು. ಮೇಜಿನ ಮೇಲೆ ಕೆಲವೊಮ್ಮೆ ಮಧ್ಯಾಹ್ನ ಮಲಗಿದ್ದ ಯಾರದೋ ತಲೆಯ ಎಣ್ಣೆಯ ಕಲೆ ಇನ್ನೂ ಇರುತ್ತಿತ್ತು. ಅದನ್ನು ಒರೆಸಿ ಪೆಟ್ಟಿಗೆ ಇಟ್ಟು ಹೊರಗೆ ಬಂದು ಬಾಗಿಲು ಹಾಕಿದರೆ ಕೆಂಪು ದೀಪ ಹತ್ತುತ್ತಿತ್ತು.

ಆ ಮೇಲೆ 30 ದಿನ ಎಣಿಕೆ. ಎಷ್ಟು ಇಲಿ ಸತ್ತಿತು, ಎಷ್ಟು ಉಳಿಯಿತು. ಭಾನುವಾರವಿಲ್ಲ, ಹಬ್ಬವಿಲ್ಲ. ಒಂದು ವರ್ಷ ಆ ದಿನಗಳ ನಡುವೆ ಉತ್ಥಾನ ದ್ವಾದಶಿ ಬಂತು. ಬೆಳಿಗ್ಗೆ ಪಂಜರಗಳಿಂದ ನಾಲ್ಕು ಸತ್ತ ಇಲಿಗಳನ್ನು ಎತ್ತಿ, ತೂಕ ಬರೆದು, ಕೈ ತೊಳೆದು ಸಂಜೆಯ ಬಸ್ಸಿನಲ್ಲಿ ಊರಿಗೆ ಹೋದೆ. ಅಮ್ಮ ತುಳಸಿಕಟ್ಟೆಯಲ್ಲಿ ನೆಲ್ಲಿಯ ಕೊಂಬೆ ನೆಟ್ಟು ಸುತ್ತಲೂ ಹಣತೆ ಹಚ್ಚಿದ್ದರು. ಕೈಮುಗಿಯುವಾಗ ಬೆರಳುಗಳಲ್ಲಿ ಪ್ರಾಣಿಶಾಲೆಯ ವಾಸನೆ ಇನ್ನೂ ಇತ್ತು. ಆ ನಾಲ್ಕರಲ್ಲಿ ಎಷ್ಟು ಔಷಧದ ಗುಂಪಿನವು ಎಂದು ನನಗೆ ಗೊತ್ತಿರಲಿಲ್ಲ. ಒಂದೂ ಆಗಿರದಿರಲಿ ಎಂದು ತುಳಸಿಯ ಮುಂದೆ ಬೇಡಿಕೊಂಡೆ. ವಿಜ್ಞಾನಿಯೊಬ್ಬಳು ಮಾಡಬಾರದ ಪ್ರಾರ್ಥನೆ ಅದು.

1999ರಲ್ಲಿ ತುಳಸಿಯ ಎರಡು ಫ್ಲೇವನಾಯ್ಡ್‌ಗಳ ಬಗ್ಗೆ ಉಮಾದೇವಿ ಮತ್ತು ಸಂಗಡಿಗರ ಪ್ರಬಂಧ ‘ರೇಡಿಯೇಷನ್ ರಿಸರ್ಚ್’ ಪತ್ರಿಕೆಯಲ್ಲಿ ಬಂತು. ಓರಿಯೆಂಟಿನ್ ಮತ್ತು ವೈಸೆನಿನ್. ಕಿಲೋ ತೂಕಕ್ಕೆ 50 ಮೈಕ್ರೊಗ್ರಾಂ, ಅಂದರೆ 25 ಗ್ರಾಮಿನ ಒಂದು ಇಲಿಗೆ ಒಂದೂಕಾಲು ಮೈಕ್ರೊಗ್ರಾಂ. ಅಷ್ಟು ಕಣಮಾತ್ರವನ್ನು ಮುಂಚಿತವಾಗಿ ಹೊಟ್ಟೆಗೆ ಚುಚ್ಚಿದರೆ, 11 ಗ್ರೇ ವಿಕಿರಣದ ಮಾರಕ ಪೆಟ್ಟಿನ ನಂತರವೂ ಅರ್ಧಕ್ಕಿಂತ ಹೆಚ್ಚು ಇಲಿಗಳು 30 ದಿನ ದಾಟಿದವು. ಓದಿ ಮೈ ಜುಮ್ಮೆಂದಿತು. ನಮ್ಮ ತುಳಸಿಕಟ್ಟೆ ಜಗತ್ತಿನ ಪುಟಕ್ಕೆ ಬಂದಂತೆ ಅನಿಸಿತು.

*

ಪಿಎಚ್‌ಡಿ ಮುಗಿಸಿ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. 2001ರಲ್ಲಿ ಪತ್ರಿಕೆಯೊಂದರ ವರದಿಗಾರರು ಬಂದರು. ಗಿಡಮೂಲಿಕೆ ಮತ್ತು ವಿಕಿರಣದ ಬಗ್ಗೆ ಒಂದು ಗಂಟೆ ಮಾತಾಡಿದೆ. ಇಲಿ ಎಂಬ ಪದವನ್ನು ಬಹುಶಃ ಇಪ್ಪತ್ತು ಸಲ ಹೇಳಿದ್ದೇನೆ. ಆದರೆ ಮಾತಿನ ಕೊನೆಗೆ, ಹುರುಪಿನಲ್ಲಿ, “ನಮ್ಮ ಅಜ್ಜಿಯಂದಿರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಅನಿಸ್ತದೆ” ಎಂದೂ ಹೇಳಿದೆ. ವರದಿ ಬಂದಾಗ ಇಲಿಗಳು ಕೊನೆಯ ಸಾಲಿಗೆ ಹೋಗಿದ್ದವು. ತಲೆಬರಹದಲ್ಲಿ ತುಳಸಿ ಇತ್ತು, ಕ್ಯಾನ್ಸರ್ ಇತ್ತು, ಕೆಳಗೆ ನನ್ನ ಫೋಟೊ ಇತ್ತು. ಹೂಡೆಯಲ್ಲಿ ಮಾವ ಅದನ್ನು ಕತ್ತರಿಸಿ, ಪ್ಲಾಸ್ಟಿಕ್ಕಿನಲ್ಲಿ ಹಾಕಿಸಿ, ಬೋಟಿನವರಿಗೆಲ್ಲ ತೋರಿಸಿದರಂತೆ. ನಾನು ತಪ್ಪನ್ನು ತಿದ್ದಲು ಪತ್ರಿಕೆಗೆ ಬರೆಯಬೇಕಿತ್ತು. ಬರೆಯಲಿಲ್ಲ. ಸಂತೋಷವಾಗಿತ್ತು.

ಕೆಲವು ತಿಂಗಳ ನಂತರ ಕಾಪು ಕಡೆಯ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದರು. ಬೀಡಿ ಕಟ್ಟುವವರು. ಗರ್ಭಕೊರಳಿನ ಕ್ಯಾನ್ಸರಿಗೆ ಹಿಂದೆ ಕರೆಂಟು ಕೊಡಿಸಿಕೊಂಡವರು, ಹದಿನೈದು ದಿನಕ್ಕೆ ನಿಲ್ಲಿಸಿದವರು. ಈಗ ನೋವು ಹೆಚ್ಚಾಗಿತ್ತು. ಚೀಲದಿಂದ ಪೇಪರಿನ ಅದೇ ತುಂಡು ತೆಗೆದು ಮೇಜಿನ ಮೇಲಿಟ್ಟು, “ಅಕ್ಕಾ, ದಿನಾ ಎರಡು ಹೊತ್ತು ಕಷಾಯ ಕುಡಿದೆ. ಎಷ್ಟು ಎಲೆ ಹಾಕಬೇಕು ಅಂತ ಇದರಲ್ಲಿ ಬರೆಯಲಿಲ್ಲ” ಎಂದರು. ದೂರಲಿಲ್ಲ. ಅಳತೆ ಕೇಳಲು ಬಂದಿದ್ದರು.

ಈ ಚಿಕಿತ್ಸೆಯಲ್ಲಿ ದಿನಗಳು ಲೆಕ್ಕಕ್ಕೆ ಬರುತ್ತವೆ. ಗರ್ಭಕೊರಳಿನ ಕ್ಯಾನ್ಸರಿಗೆ ಹೊರಗಿನಿಂದ ಕೊಡುವ ವಿಕಿರಣ ಸುಮಾರು 5 ವಾರ, ಆಮೇಲೆ ಒಳಗಿನಿಂದ ಕೊಡುವುದು. ಎಲ್ಲ ಸೇರಿ 8 ವಾರದೊಳಗೆ ಮುಗಿಯಬೇಕು. ನಿಲ್ಲಿಸಿದರೆ ಉಳಿದ ಗಡ್ಡೆಯ ಕೋಶಗಳು ಮತ್ತೆ ಬೆಳೆಯತೊಡಗುತ್ತವೆ. ಅವರು ನಿಲ್ಲಿಸಿದ್ದು ನನ್ನ ವರದಿ ಓದಿ ಮಾತ್ರವಲ್ಲ ಎಂದು ಮಾತಾಡುತ್ತಾ ತಿಳಿಯಿತು. ದಿನ ಬಸ್ಸಿನಲ್ಲಿ ಹೋಗಿಬಂದರೆ ಆ ದಿನದ ಬೀಡಿಯ ಮಜೂರಿ ಇಲ್ಲ. ಜೊತೆಗೆ ಬರಲು ಮಗನಿಗೆ ರಜೆ ಇಲ್ಲ. ಹೊಟ್ಟೆ ತೊಳಸುತ್ತಿತ್ತು. ನಿಲ್ಲಿಸಬೇಕೆಂದು ಹತ್ತು ಕಾರಣಗಳು ಮೊದಲೇ ಕೂಡಿದ್ದವು. ನಿಲ್ಲಿಸಬಹುದು ಎಂಬ ಧೈರ್ಯ ಮಾತ್ರ ಬೇಕಿತ್ತು, ಅದನ್ನು ನಾನು ಕೊಟ್ಟಿದ್ದೆ. ಅವರನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಕೈಲಾದದ್ದನ್ನು ಮಾಡಿದರು. ಹೆಚ್ಚು ದಿನ ಉಳಿಯಲಿಲ್ಲ.

ಪೇಪರಿನ ಆ ತುಂಡು ನನ್ನ ಹತ್ತಿರವೇ ಉಳಿಯಿತು. ಮಡಿಕೆಗಳಲ್ಲಿ ಸವೆದು ಹೋಗಿದೆ. ನನ್ನ ಫೋಟೊದ ಮೇಲೆ ಒಂದು ಮಡಿಕೆ ಬಿದ್ದಿದೆ.

*

2003ರಲ್ಲಿ ಮಾವನ ಎಡಗೆನ್ನೆಯ ಒಳಗೆ ಹುಣ್ಣಾಯಿತು. ನಲವತ್ತು ವರ್ಷ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಇಟ್ಟ ಜಾಗ ಅದು. ರಾತ್ರಿ ಬೋಟಿನಲ್ಲಿ ನಿದ್ದೆ ಬರದಿರಲು, ಹಸಿವೆ ಮರೆಯಲು ಅದು ಬೇಕಿತ್ತು ಎನ್ನುತ್ತಿದ್ದರು. ಆಪರೇಷನ್ ಆಯಿತು. ಆಮೇಲೆ 30 ದಿನ ವಿಕಿರಣ, ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, ಒಟ್ಟು 60. ಮುಖ ಅಲುಗಾಡದಂತೆ ಬಿಸಿನೀರಿನಲ್ಲಿ ಮೆದುವಾಗಿಸಿದ ಪ್ಲಾಸ್ಟಿಕ್ ಬಲೆಯ ಅಚ್ಚನ್ನು ಮೋರೆಯ ಮೇಲೆ ಒತ್ತಿ ಮೇಜಿಗೆ ಬಿಗಿಯುತ್ತಾರೆ. ಮೊದಲ ದಿನ ಹೊರಗೆ ಬಂದವರೇ, “ಇಷ್ಟು ವರ್ಷ ಬಲೆ ಹಾಕಿದವ ನಾನು. ಈಗ ನನಗೇ ಹಾಕಿದರು” ಎಂದು ನಕ್ಕರು. ಆಮೇಲೆ ಮೆಲ್ಲನೆ ಕೇಳಿದರು: “ನಿನ್ನ ಇಲಿಗಳಿಗೆ ಕೊಟ್ಟದ್ದೂ ಇದೇ ಥರದ ಮೆಷಿನ್ನಾ?” ಹೌದು ಎಂದೆ. “ಅವುಗಳಿಗೂ ಹೀಗೇ ಹೆದರಿಕೆ ಆಗ್ತಿತ್ತೋ ಏನೋ.” ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ.

ಒಂದೇ ಸಲ ಕೊಟ್ಟು ಮುಗಿಸಬಾರದಾ ಎಂದು ಅವರು ಕೇಳಿದಾಗ, ಪ್ಯಾರಿಸ್ಸಿನಲ್ಲಿ ಕ್ಲಾಡ್ ರೆಗೊ ಎಂಬಾತ ಟಗರುಗಳ ಮೇಲೆ ಮಾಡಿದ ಪ್ರಯೋಗದ ಕಥೆ ಹೇಳಿದೆ. ಟಗರಿನ ವೃಷಣಕ್ಕೆ ಒಮ್ಮೆಗೇ ವಿಕಿರಣ ಕೊಟ್ಟು ಬೀಜ ನಿಲ್ಲಿಸಲು ಹೋದರೆ ಚರ್ಮ ಸುಡುತ್ತಿತ್ತು. ಅದನ್ನೇ ದಿನಗಳಲ್ಲಿ ಹಂಚಿ ಕೊಟ್ಟರೆ ಬೀಜವೂ ನಿಲ್ಲುತ್ತಿತ್ತು, ಚರ್ಮವೂ ಉಳಿಯುತ್ತಿತ್ತು. ಒಂದು ದಿನದ ಬಿಡುವಿನಲ್ಲಿ ಒಳ್ಳೆಯ ಕೋಶ ತನ್ನ ಗಾಯ ರಿಪೇರಿ ಮಾಡಿಕೊಳ್ಳುತ್ತದೆ, ಗಡ್ಡೆಯ ಕೋಶಕ್ಕೆ ಆ ಕೆಲಸ ಅಷ್ಟು ಚೆನ್ನಾಗಿ ಬಾರದು. ಮಾವ ಟಗರಿನ ಕಥೆಗೆ ನಕ್ಕು, ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: “ರಂಪಣಿ ಎಳೆದ ಹಾಗೆ ಅನ್ನು. ಒಮ್ಮೆಲೇ ಜಗ್ಗಿದರೆ ಬಲೆ ಹರೀತದೆ. ಸ್ವಲ್ಪ ಸ್ವಲ್ಪ ಎಳೀಬೇಕು. ನಡುವೆ ಕೈ ಬಿಟ್ಟರೆ ಮಾತ್ರ ಬೂತಾಯಿ ಎಲ್ಲ ಸಮುದ್ರಕ್ಕೆ.” ಈಗ ತರಗತಿಯಲ್ಲಿ ಈ ವಿಷಯ ಬಂದಾಗ ನಾನು ಮೊದಲು ಹೇಳುವುದು ರೆಗೊ ಅವರ ಟಗರನ್ನಲ್ಲ, ಮಾವನ ರಂಪಣಿಯನ್ನು.

ಮೂರನೆಯ ವಾರಕ್ಕೆ ಬಾಯಿಯ ಒಳಪದರ ಸುಲಿಯಿತು. ಗಂಜಿಯ ತಿಳಿ ಕೂಡ ಉರಿಯುತ್ತಿತ್ತು. ಜೊಲ್ಲು ನಿಂತಿತು. ಬಾಯಿ ಒಣಗುವುದನ್ನು ತಡೆಯಲು, ಅವರಂತೆ ಆಪರೇಷನ್ ಆದ ಮೇಲೆ ವಿಕಿರಣ ಪಡೆಯುವ ತಲೆ-ಕತ್ತಿನ ಕ್ಯಾನ್ಸರಿನ ರೋಗಿಗಳಿಗೆ ಅಮೆರಿಕದಲ್ಲಿ 1999ರಲ್ಲೇ ಅಮಿಫಾಸ್ಟಿನ್‌ಗೆ ಒಪ್ಪಿಗೆ ಸಿಕ್ಕಿತ್ತು. ವೈದ್ಯರೊಡನೆ ಮಾತಾಡಿದೆ. ದಿನಾ ಚುಚ್ಚಬೇಕು, ಬೆಲೆ ನಮ್ಮ ಕೈಗೆ ಮೀರಿದ್ದು, ಮೊದಲೇ ಸೋತ ಮೈಗೆ ವಾಂತಿ. ಬೇಡವೆಂದಾಯಿತು.

ಆ ದಿನ ಸಂಜೆ ಹೂಡೆಯ ಮನೆಯ ಜಗಲಿಯಲ್ಲಿ ಮಾವ ಒಂದು ಲೋಟ ಮುಂದೆ ತಳ್ಳಿದರು. ಮಾತಾಡಲು ಕಷ್ಟವಾಗುತ್ತಿತ್ತು. “ತುಳಸಿ ಕಷಾಯ ಮಾಡಿಸು. ಎಷ್ಟು ಎಲೆ ಅಂತ ನೀನೇ ಹೇಳು.”

ಬೇಡ ಮಾವ ಎಂದೆ.

“ಯಾಕೆ?”

“ಇಲಿಗೆ ಕೊಟ್ಟದ್ದು ಕಷಾಯ ಅಲ್ಲ. ಚುಚ್ಚಿದ್ದು. ಇಡೀ ಮೈಗೆ ಒಂದೇ ಸಲ ಕರೆಂಟು ಕೊಟ್ಟ ಇಲಿಗಳು ಅವು. ನಿಮಗೆ ಕೆನ್ನೆಗೆ ಮಾತ್ರ, ದಿನಾ ಸ್ವಲ್ಪ ಸ್ವಲ್ಪ. ಅದು ಬೇರೆ, ಇದು ಬೇರೆ.”

ಅವರು ನನ್ನ ಮುಖ ನೋಡಿದರು. ಪ್ಲಾಸ್ಟಿಕ್ಕಿನಲ್ಲಿ ಹಾಕಿಸಿದ ವರದಿ ಒಳಗೆ ದೇವರ ಫೋಟೊದ ಪಕ್ಕದಲ್ಲೇ ಇತ್ತು. “ಊರವರಿಗೆಲ್ಲ ಪೇಪರಿನಲ್ಲಿ ಹೇಳಿದೆ. ಮನೆಯವನಿಗೆ ಬೇಡ ಅಂತೀಯಾ?”

ನನ್ನ ವೃತ್ತಿಯಲ್ಲಿ ಅಷ್ಟು ಕಷ್ಟದ ಪ್ರಶ್ನೆಯನ್ನು ಯಾವ ಪರೀಕ್ಷಕರೂ ಕೇಳಿಲ್ಲ. ಉತ್ತರ ನನಗೆ ಗೊತ್ತಿತ್ತು, ಆದರೆ ಬಾಯಿಗೆ ಬರಲು ಹೊತ್ತು ಹಿಡಿಯಿತು. ತುಳಸಿ ಒಳ್ಳೆಯ ಕೋಶವನ್ನು ಕಾಪಾಡುವುದು ನಿಜವೇ ಆದರೆ, ಉಳಿದಿರಬಹುದಾದ ಕ್ಯಾನ್ಸರಿನ ಕೋಶವನ್ನೂ ಕಾಪಾಡಬಹುದು. ಕಿರಣಕ್ಕೆ ಕಳ್ಳ ಯಾರು ಎಂದು ಗೊತ್ತಾಗದಂತೆ, ಎಲೆಗೂ ಗೊತ್ತಾಗದೇ ಇರಬಹುದು. ಮನುಷ್ಯರಲ್ಲಿ ಅದನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. “ನಿಮ್ಮ ಬಾಯಿಗೆ ಒಳ್ಳೆಯದು ಮಾಡಿದ್ದು ನಿಮ್ಮ ಗಡ್ಡೆಗೂ ಒಳ್ಳೆಯದು ಮಾಡಿದರೆ ಮಾವ? ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಿಮ್ಮ ಮೇಲೆ ಮಾಡಿ ನೋಡಲಿಕ್ಕೆ ಆಗುವುದಿಲ್ಲ” ಎಂದೆ. ಕಾಪುವಿನ ಆ ಹೆಂಗಸಿನ ಕಥೆಯನ್ನೂ ಅಂದೇ ಮೊದಲ ಸಲ ಮನೆಯಲ್ಲಿ ಹೇಳಿದೆ.

ಮಾವ ಏನೂ ಹೇಳಲಿಲ್ಲ. ಮರುದಿನ ಬಸ್ಸು ಹತ್ತಿದರು. ಒಂದು ದಿನವೂ ತಪ್ಪಿಸದೆ 30 ದಿನ ಮುಗಿಸಿದರು. ವರದಿ ದೇವರ ಫೋಟೊದ ಪಕ್ಕದಿಂದ ಯಾವಾಗಲೋ ಕಾಣೆಯಾಗಿತ್ತು. ನಾನು ಕೇಳಲಿಲ್ಲ.

*

ಎರಡು ವರ್ಷಗಳ ನಂತರ, 2005ರಲ್ಲಿ, ಕೆನಡಾದ ಕ್ವಿಬೆಕ್‌ನಿಂದ ಒಂದು ಅಧ್ಯಯನ ಪ್ರಕಟವಾಯಿತು. ತಲೆ-ಕತ್ತಿನ ಕ್ಯಾನ್ಸರಿಗೆ ವಿಕಿರಣ ಪಡೆಯುತ್ತಿದ್ದ 540 ರೋಗಿಗಳು. ಅರ್ಧದಷ್ಟು ಜನರಿಗೆ ಇ ವಿಟಮಿನ್ ಮಾತ್ರೆ, ಅವರಲ್ಲಿ ಆರಂಭದಲ್ಲಿ ಸೇರಿದವರಿಗೆ ಬೀಟಾ ಕ್ಯಾರೊಟಿನ್ ಕೂಡ. ಉಳಿದವರಿಗೆ ಬರೀ ತೋರಿಕೆಯ ಮಾತ್ರೆ. ವಿಟಮಿನ್ ತೆಗೆದುಕೊಂಡವರಲ್ಲಿ ವಿಕಿರಣದ ತೀವ್ರ ತೊಂದರೆಗಳು ಕಡಿಮೆ ಇದ್ದವು. ಆದರೆ ಅವರಲ್ಲಿ ಕ್ಯಾನ್ಸರ್ ಅದೇ ಜಾಗದಲ್ಲಿ ಮರಳುವ ಸಂಭವ ಹೆಚ್ಚಿರುವಂತೆ ಕಂಡಿತು. ಓದುತ್ತಾ ಕೈ ತಣ್ಣಗಾಯಿತು. ಜಗಲಿಯಲ್ಲಿ ನಾನು ಹೇಳಿದ್ದು ಊಹೆ, ಇಲ್ಲಿ ಅದಕ್ಕೆ ಅಂಕಿಗಳಿದ್ದವು. ಆದರೆ ಗೆದ್ದೆ ಎಂದು ಅನಿಸಲಿಲ್ಲ. ವಿಟಮಿನ್ ತುಳಸಿಯಲ್ಲ. ತುಳಸಿಯ ಪ್ರಶ್ನೆ ಇನ್ನೂ ಹಾಗೆಯೇ ಇತ್ತು.

ಹಾಗೆಂದು ಹಿತ್ತಲಿನ ಗಿಡಗಳ ಆ ಎಲ್ಲ ವರ್ಷಗಳು ದಂಡ ಎಂದೂ ನಾನು ಹೇಳುವುದಿಲ್ಲ. 2014ರಲ್ಲಿ ಮಂಗಳೂರಿನಿಂದ ಒಂದು ಪ್ರಬಂಧ ಬಂತು. ಮಣಿಪಾಲದ ಶುಂಠಿ, ಮ್ಯಾಂಜಿಫೆರಿನ್ ಪ್ರಬಂಧಗಳಲ್ಲಿ ಹೆಸರಿದ್ದ ಎಂ.ಎಸ್. ಬಾಳಿಗ ಅವರೂ ಇದರಲ್ಲಿದ್ದರು. ತಲೆ-ಕತ್ತಿನ ಕ್ಯಾನ್ಸರಿಗೆ ವಿಕಿರಣ ಪಡೆಯುವ 80 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪೊವಿಡೋನ್ ಅಯೋಡಿನ್‌ನಲ್ಲಿ, ಇನ್ನೊಂದಕ್ಕೆ ಅರಸಿನದ ನೀರಿನಲ್ಲಿ ಬಾಯಿ ಮುಕ್ಕಳಿಸಲು ಕೊಟ್ಟರು. ಅರಸಿನದವರಲ್ಲಿ ಬಾಯಿಯ ಹುಣ್ಣು ತಡವಾಗಿ ಬಂತು, ಕಡಿಮೆ ಬಂತು, ತೂಕ ಇಳಿಯುವುದೂ ಕಡಿಮೆಯಾಯಿತು. 80 ಜನ ದೊಡ್ಡ ಸಂಖ್ಯೆಯಲ್ಲ. ಇದರಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಅವರು ಹೇಳಲೂ ಇಲ್ಲ. ಮುಕ್ಕಳಿಸಿ ಉಗುಳುವ ಒಂದು ಸಾಮಾನ್ಯ ವಸ್ತು, ಒಂದು ನಿರ್ದಿಷ್ಟ ತೊಂದರೆ, ನಿಜವಾದ ರೋಗಿಗಳು, ಹೋಲಿಸಲು ಇನ್ನೊಂದು ಗುಂಪು. 1995ರ ಇಲಿಯಿಂದ ಇಲ್ಲಿಗೆ ಬರಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು, ತುಳಸಿಯ ದಾರಿಯಲ್ಲೂ ಅಲ್ಲ, ಅರಸಿನದ ದಾರಿಯಲ್ಲಿ. ನಮ್ಮ ವಿಜ್ಞಾನದಲ್ಲಿ ನಡಿಗೆ ಎಂದರೆ ಇಷ್ಟೇ. ಇದು ಗೊತ್ತಿದ್ದರೆ ಆ ವರದಿಗಾರರಿಗೆ ನಾನು ಬೇರೆ ರೀತಿ ಮಾತಾಡುತ್ತಿದ್ದೆ.

ಮಾವ ಆ ಪ್ರಬಂಧ ಬರುವವರೆಗೆ ಇರಲಿಲ್ಲ. ಚಿಕಿತ್ಸೆಯ ನಂತರ ಒಂಬತ್ತು ವರ್ಷ ಬದುಕಿ, ಹೃದಯದ ಕಾಯಿಲೆಯಿಂದ ಹೋದರು. ಕ್ಯಾನ್ಸರ್ ಮರಳಿರಲಿಲ್ಲ. ಜೊಲ್ಲು ಕೂಡ ಮರಳಲಿಲ್ಲ. ಕೊನೆಯವರೆಗೂ ಸೊಂಟದಲ್ಲಿ ಒಂದು ನೀರಿನ ಬಾಟಲಿ ಸಿಕ್ಕಿಸಿಕೊಂಡು ಕಡಲತೀರದಲ್ಲಿ ಕೂತು ಯುವಕರ ಬಲೆಗೆ ತಪ್ಪು ಹುಡುಕುತ್ತಿದ್ದರು. ಬಂಗುಡೆಯ ಸಾರು ಕಲಸಿದ ಗಂಜಿ ನುಂಗಲು ಅವರಿಗೆ ಒಂದು ಗಂಟೆ ಬೇಕಾಗುತ್ತಿತ್ತು. ಗುಣವಾದವರು ಎಂದು ಆಸ್ಪತ್ರೆಯ ಪುಸ್ತಕದಲ್ಲಿ ಬರೆಯುವ ಜನ ಮನೆಯಲ್ಲಿ ಹೇಗೆ ಉಣ್ಣುತ್ತಾರೆ ಎಂದು ನಾನು ಅವರನ್ನು ನೋಡಿ ಕಲಿತೆ.

ಈಗ ನಾನು ವಿಕಿರಣ ಚಿಕಿತ್ಸೆಯ ಯಂತ್ರ ನಡೆಸುವುದನ್ನು ಕಲಿಯುವ ಹುಡುಗ ಹುಡುಗಿಯರಿಗೆ ಪಾಠ ಮಾಡುತ್ತೇನೆ. ಪ್ರತಿವರ್ಷ ಯಾರಾದರೊಬ್ಬರು ಕೇಳುತ್ತಾರೆ: “ಮೇಡಂ, ಪೇಶೆಂಟು ಮನೆಮದ್ದು ತಗೊಳ್ಳಬಹುದಾ ಅಂತ ಕೇಳಿದರೆ ಎಂತ ಹೇಳಬೇಕು?” ಮೊದಲು, ಏನು ತೆಗೆದುಕೊಳ್ಳುತ್ತಿದ್ದಾರೆ ಎಂದು ಬೈಯದೆ ಕೇಳಿ ಎನ್ನುತ್ತೇನೆ. ಬೈದರೆ ಮುಚ್ಚಿಡುತ್ತಾರೆ. ವೈದ್ಯರಿಗೆ ತಿಳಿಸಿ. ಆಮೇಲೆ, ನಾಳೆ ಬರಲು ಬಸ್ಸಿಗೆ ಹಣ ಉಂಟಾ ಎಂದು ಕೇಳಿ. ಈ ಕೊನೆಯ ಪ್ರಶ್ನೆಯನ್ನು ಕೆಲವರು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ. ಅವರ ಹೆಸರು ನಾನು ನೆನಪಿಟ್ಟುಕೊಳ್ಳುತ್ತೇನೆ.

ಹೋದ ಕಾರ್ತಿಕದಲ್ಲಿ ಊರಿಗೆ ಹೋಗಿದ್ದೆ. ಅಮ್ಮನಿಗೆ ಈಗ ಎಂಬತ್ತು ದಾಟಿದೆ. ತುಳಸಿಕಟ್ಟೆಯ ಹತ್ತಿರ ಕೂತಿದ್ದಾಗ ಮಾವನ ಮಾತು ಬಂತು. ಅಮ್ಮ ಸಮುದ್ರದ ಕಡೆ ನೋಡುತ್ತಾ ಹೇಳಿದರು: “ನಿನಗೆ ಹೇಳಲಿಲ್ಲ ನಾನು. ಅಣ್ಣನಿಗೆ ಕರೆಂಟು ಕೊಡುವಾಗ ದಿನಾ ಕುಡಿಯುವ ನೀರಿಗೆ ಎರಡು ಎಲೆ ಹಾಕಿ ಕೊಡ್ತಿದ್ದೆ. ಅವರಿಗೂ ಗೊತ್ತಿರಲಿಲ್ಲ, ರುಚಿ ಹೋಗಿತ್ತಲ್ಲ. ನೋಡು, ಒಂಬತ್ತು ವರ್ಷ ಇದ್ದರು.”

ಇಪ್ಪತ್ತು ವರ್ಷ ಮುಚ್ಚಿಟ್ಟ ಮಾತು. ಎರಡು ಎಲೆ ಯಾವ ಲೆಕ್ಕಕ್ಕೂ ಬರುವ ಪ್ರಮಾಣವಲ್ಲ ಎಂದು ನನಗೆ ಗೊತ್ತು. ಒಬ್ಬ ರೋಗಿ ಬದುಕಿದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ ಎಂಬುದೂ ಗೊತ್ತು. ಎಲೆ ಹಾಕದ ಇನ್ನೊಬ್ಬ ಮಾವ ನನಗಿಲ್ಲ, ಹೋಲಿಸಿ ನೋಡಲು.

“ನಾನು ಮಾಡಿದ್ದು ತಪ್ಪಾ ಮಗಾ?”

“ಗೊತ್ತಿಲ್ಲ ಅಮ್ಮ” ಎಂದೆ.

ಅಮ್ಮ ತಲೆಯಾಡಿಸಿ ಎದ್ದರು. ಹಣತೆಗಳಿಗೆ ಎಣ್ಣೆ ಸಾಲದಾಗಿತ್ತು. ಕತ್ತಲೆಯಲ್ಲಿ ಕಾಲು ಎಡವದಂತೆ ನಾನು ಅವರ ಕೈ ಹಿಡಿದುಕೊಂಡೆ, ಅವರು ಒಂದೊಂದಾಗಿ ಎಣ್ಣೆ ಹಾಕುತ್ತಾ ಹೋದರು.